ಕಲ್ಲಿನಲ್ಲಿ ಇಲ್ಲದ್ದು ಪ್ರಬಂಧದಲ್ಲಿ ಬೇಡ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಧ್ಯಾಪಕರಲ್ಲಿ, ಸಂಶೋಧನೆಗೆ ಇಳಿದ ವಿದ್ಯಾರ್ಥಿಗಳಲ್ಲಿ, ಬ್ರಹ್ಮಕಲಶೋತ್ಸವಕ್ಕೋ ಕಾಲೇಜಿನ ಬೆಳ್ಳಿಹಬ್ಬಕ್ಕೋ ಸ್ಮರಣ ಸಂಚಿಕೆ ತರುವವರಲ್ಲಿ ಒಂದು ಬಿನ್ನಹ. ನಮ್ಮ ಊರಿನ ಬಗ್ಗೆ, ನಮ್ಮ ಮಾತಿನ ಬಗ್ಗೆ ಚಾಟ್‌ಜಿಪಿಟಿಯಂಥ ಯಂತ್ರ ಬರೆದುಕೊಟ್ಟದ್ದನ್ನು ಪರಿಶೀಲಿಸದೆ ಅಚ್ಚಿಗೆ ಕೊಡಬೇಡಿ. ಯಂತ್ರದ ಮೇಲಿನ ಸಿಟ್ಟಿನಿಂದ ಹೇಳುತ್ತಿರುವುದಲ್ಲ. ಕ್ಯಾನ್ಸರ್ ಬಗ್ಗೆಯೋ ಕಂಪ್ಯೂಟರ್ ಬಗ್ಗೆಯೋ ಸುಳ್ಳು ಅಚ್ಚಾದರೆ ಹಿಡಿಯಲು ಲೋಕದ ತುಂಬ ಕಣ್ಣುಗಳಿವೆ. ಬಾರ್ಕೂರಿನ ಶಾಸನ ಒಂದರ ಬಗ್ಗೆ, ಕುಂದಗನ್ನಡದ ಕ್ರಿಯಾಪದ ಒಂದರ ಬಗ್ಗೆ ಹುಟ್ಟಿದ ಸುಳ್ಳನ್ನು ಗುರುತಿಸಬಲ್ಲವರು ಬೆರಳೆಣಿಕೆಯಷ್ಟು ಜನ. ಅವರಾದರೂ ಅಚ್ಚಾದದ್ದನ್ನೆಲ್ಲ ಓದಲಾರರು.

ಕಾವಲು ಇದ್ದಲ್ಲೇ ಏನಾಗಿದೆ ನೋಡಿ. 2024ರ ಫೆಬ್ರವರಿಯಲ್ಲಿ ‘ಫ್ರಾಂಟಿಯರ್ಸ್’ ಸಂಸ್ಥೆಯ ಜೀವಕೋಶ ವಿಜ್ಞಾನದ ಪತ್ರಿಕೆಯಲ್ಲಿ ಯಂತ್ರ ಬಿಡಿಸಿದ ಇಲಿಯ ಚಿತ್ರವೊಂದು ಬಂತು. ಅದರ ಅಂಗಾಂಗಗಳಿಗೆ ಅಂಟಿಸಿದ್ದ ಹೆಸರುಗಳು ಯಾವ ಭಾಷೆಯವೂ ಅಲ್ಲ. ತಜ್ಞರ ಪರಿಶೀಲನೆ ದಾಟಿ ಬಂದ ಆ ಪ್ರಬಂಧವನ್ನು, ಓದುಗರು ನಕ್ಕ ಮೇಲೆ ಹಿಂದಕ್ಕೆ ಪಡೆಯಲಾಯಿತು. ನಮ್ಮ ರಾಜಧಾನಿಯದ್ದೇ ಬೇಕೆಂದರೆ, 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಯಾರೂ ಕೊಡದ ತೀರ್ಪುಗಳು ಆಧಾರವಾಗಿ ಸೇರಿಕೊಂಡು, ಆದೇಶವನ್ನೇ ವಾಪಸ್ ಪಡೆಯಬೇಕಾಯಿತು. ನ್ಯಾಯಾಲಯದಲ್ಲಿ ಎದುರು ವಕೀಲರಿರುತ್ತಾರೆ, ಪುಟ ತಿರುವಿ ನೋಡುವುದೇ ಅವರ ಕೆಲಸ. ಊರಿನ ವಿಚಾರ ಸಂಕಿರಣದ ಪ್ರಬಂಧಕ್ಕೆ ಎದುರು ವಕೀಲರು ಯಾರು? ಶಾಲು, ಹಣ್ಣುಬುಟ್ಟಿ, ಚಪ್ಪಾಳೆ. ಆಮೇಲೆ ಐಎಸ್‌ಬಿಎನ್ ಅಂಕಿ ಹೊತ್ತ ಸಂಪುಟ.

ಬಾರ್ಕೂರು ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರ ಬಾರಕೂರು ರಾಜ್ಯದ ಕೇಂದ್ರ. ಇಲ್ಲಿಯ, ಬಸ್ರೂರಿನ ಹಲವು ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಏಳನೇ ಸಂಪುಟದಲ್ಲಿ ಅಚ್ಚಾಗಿವೆ. ಶಾಸನದಲ್ಲಿ ಸಾಮಾನ್ಯವಾಗಿ ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರ ಇರುತ್ತವೆ, ಒಂದಕ್ಕೊಂದು ತಾಳೆಯಾಗಬೇಕು. ಶಕ 1258 ಎಂದರೆ ಧಾತು ಸಂವತ್ಸರ. ಅಲ್ಲಿ ‘ವಿಕೃತಿ’ ಎಂದು ಬರೆದಿದ್ದರೆ ಪಂಚಾಂಗ ಬಲ್ಲ ಯಾವ ಭಟ್ರೂ ಹುಬ್ಬೇರಿಸಿಯಾರು. ಯಂತ್ರಕ್ಕೆ ಹುಬ್ಬಿಲ್ಲ. ಮುಂದೆ ಯಾವ ಪದ ಬಂದರೆ ವಾಕ್ಯ ಹೊಂದುತ್ತದೆ ಎಂದು ಅಂದಾಜು ಮಾಡುವುದು ಅದರ ಕಸುಬು. ಕಲ್ಲು ಇದೆಯೋ ಇಲ್ಲವೋ ಎಂದು ಹೋಗಿ ನೋಡುವುದಲ್ಲ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಿ. ಗುರುರಾಜ ಭಟ್ಟರು ಹಾಗೆ ಹೋಗಿ ನೋಡಿದವರು. ದೇವಸ್ಥಾನದಿಂದ ದೇವಸ್ಥಾನಕ್ಕೆ ಅಲೆದು ಕಂಡದ್ದನ್ನು ದಾಖಲಿಸಿದರು. ತುಳುವ ಇತಿಹಾಸದ ಬಗ್ಗೆ ಅವರು 1975ರಲ್ಲಿ ತಂದ ಹೆಬ್ಬೊತ್ತಿಗೆಯನ್ನು ಒಪ್ಪದವರೂ ಅದರ ಜೊತೆ ಜಗಳ ಆಡಬಹುದು, ಏಕೆಂದರೆ ಅವರು ಕಂಡ ಮೂರ್ತಿ ಎಲ್ಲಿದೆ ಎಂದು ಅದರಲ್ಲಿ ಬರೆದಿದೆ. ಇಲ್ಲದ ಶಾಸನದ ಜೊತೆ ಜಗಳವನ್ನೂ ಆಡಲಾಗದು.

ಮಾತಿನ ಕಥೆಯೂ ಇದೇ. ‘ಹೋಪುದು, ಬಪ್ಪುದು, ಕಾಂಬುದು’ ಎನ್ನುವಾಗ ನಮ್ಮ ನಾಲಗೆಯ ಮೇಲೆ ಹಳಗನ್ನಡದ ಪೋಪ, ಬರ್ಪ, ಕಾಣ್ಬ ಇನ್ನೂ ಉಸಿರಾಡುತ್ತಿವೆ. ಗಂಗೊಳ್ಳಿ ಮೂಲದ, ಮುಂಬಯಿಯಲ್ಲಿರುವ ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರು ಸುಮಾರು ಎರಡು ದಶಕ ಪದ ಹೆಕ್ಕಿ ಕುಂದಾಪ್ರ ಕನ್ನಡದ ನಿಘಂಟು ತಂದರು. ಅಂತರ್ಜಾಲದಲ್ಲಿ ಈ ಮಾತಿನ ಬರಹ ತೀರಾ ಕಡಿಮೆ. ಹಾಗಾಗಿ ಯಂತ್ರ ಮೈಸೂರಿನದ್ದಕ್ಕೆ ಮಂಗಳೂರಿನದ್ದನ್ನು ಬೆರೆಸಿ ‘ಇದೇ ಕುಂದಗನ್ನಡ’ ಎಂದು ಬಡಿಸುತ್ತದೆ. ಅದು ಪ್ರಬಂಧವಾಗಿ ಜಾಲ ಸೇರಿದರೆ ನಾಳಿನ ಯಂತ್ರ ಕಲಿಯುವುದೂ ಅದನ್ನೇ. ಸರಿಯಾದ ಬರಹ ರಾಶಿ ಇರುವಲ್ಲಿ ಇಂಥ ಕಲಬೆರಕೆ ಕರಗಿಹೋದೀತು; ಇಲ್ಲಿ ಅದೇ ಮೂಲವಾಗಿ ಕೂರುತ್ತದೆ.

‘ಕದ್ದು ಬರೆಯುವುದು ಮೊದಲೂ ಇತ್ತಲ್ಲ, ಹೊಸತೇನು?’ ಎನ್ನಬಹುದು. ಇತ್ತು. ಆದರೆ ಕದ್ದದ್ದಕ್ಕೆ ಒಂದು ಮೂಲ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮ ಅಳೆಯುವುದು ಹೋಲಿಕೆಯನ್ನು. ಶೇ 10ರ ವರೆಗೆ ದಂಡವಿಲ್ಲ. ಯಂತ್ರ ಹೊಸದಾಗಿ ಕಟ್ಟಿದ ಸುಳ್ಳು ಯಾವುದನ್ನೂ ಹೋಲುವುದಿಲ್ಲ, ಹಾಗಾಗಿ ಸಲೀಸಾಗಿ ಪಾಸಾಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು: ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಇಂಗ್ಲಿಷ್ ಪ್ರಬಂಧ ತಿದ್ದಿಕೊಳ್ಳಲು ಈ ಯಂತ್ರ ಊರುಗೋಲು. ಒಪ್ಪಿದೆ. ವಾಕ್ಯ ತಿದ್ದಿಸಿಕೊಳ್ಳಿ, ಹಾಗೆ ಮಾಡಿದ್ದನ್ನು ಒಂದು ಸಾಲಿನಲ್ಲಿ ತಿಳಿಸಿ. ಪತ್ತೆ ತಂತ್ರಾಂಶ ಹಾಕಿ ಅಂಥವರನ್ನು ಕಳ್ಳರೆಂದು ನಿಲ್ಲಿಸುವುದಂತೂ ಬೇಡವೇ ಬೇಡ. ಇಂಗ್ಲಿಷ್ ಮನೆಮಾತಲ್ಲದವರು ಸ್ವಂತ ಬರೆದ ಪ್ರಬಂಧಗಳನ್ನೇ ಇಂಥ ತಂತ್ರಾಂಶಗಳು ಯಂತ್ರದ್ದೆಂದು ತಪ್ಪಾಗಿ ಹೇಳಿದ್ದನ್ನು 2023ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ತೋರಿಸಿಕೊಟ್ಟರು. ಭಾಷೆಗೆ ಊರುಗೋಲು ಇರಲಿ. ಸಂಗತಿಗೆ ಮಾತ್ರ ಸ್ವಂತ ಕಾಲು ಬೇಕು.

ಕೇಳುತ್ತಿರುವುದು ದೊಡ್ಡದಲ್ಲ. ಶಾಸನ ಹೇಳಿದರೆ ಸಂಪುಟ, ಸಂಖ್ಯೆ ಇರಲಿ, ಅಚ್ಚಾಗದ್ದಾದರೆ ಕಲ್ಲಿನ ಫೋಟೋ. ಪದ ಹೇಳಿದರೆ ಯಾವ ಊರಿನದು, ಯಾವ ಕಸುಬಿನವರದು ಎಂದಿರಲಿ. ಗಂಗೊಳ್ಳಿಯ ಬಂದರಿನ ಮಾತು ಕೊಲ್ಲೂರಿನ ಗದ್ದೆಯಂಚಿನದಲ್ಲ. ಮಂಡಿಸಿದವರನ್ನು ಚಪ್ಪಾಳೆಗೆ ಮುಂಚೆ ಹತ್ತು ನಿಮಿಷ ಪ್ರಶ್ನೆಗೆ ನಿಲ್ಲಿಸಿ. 2019ರಿಂದ ಆಸಾಡಿ ಅಮಾಸಿಯನ್ನು ವಿಶ್ವ ಕುಂದಾಪ್ರ ಕನ್ನಡ ದಿನವಾಗಿ ಆಚರಿಸುತ್ತಿದ್ದೇವೆ. ಮುಂದಿನ ಸಲ ಅದಕ್ಕೆಂದು ಲೇಖನವೊಂದು ಕೈಗೆ ಬಂದಾಗ ಸಂಪಾದಕರು ಫೋನೆತ್ತಿ, ಬರೆದವರನ್ನು ನಮ್ಮ ಮಾತಲ್ಲೇ ಕೇಳಲಿ: ‘ಹ್ವಾಯ್, ಇದ್ನ ಯಾರ್ ಹತ್ರ ಕೇಂಡದ್ದ್?’