ದಂಡ ಕಟ್ಟಿದರೆ ಮುಗಿಯಿತೇ?

ಪರೀಕ್ಷಾ ಶುಲ್ಕದ ಸುತ್ತೋಲೆಯಲ್ಲಿ ಸಾಮಾನ್ಯವಾಗಿ ಎರಡು ದಿನಾಂಕಗಳಿರುತ್ತವೆ. ಒಂದು, ದಂಡವಿಲ್ಲದೆ ಶುಲ್ಕ ಕಟ್ಟಲು ಕೊನೆಯ ದಿನ. ಇನ್ನೊಂದು, ದಂಡ ಸಹಿತ ಕಟ್ಟಲು ಕೊನೆಯ ದಿನ. ಮೊದಲನೆಯದು ತಪ್ಪಿದರೆ ಹೋಗುವುದು ಹಣ ಮಾತ್ರ. ಎರಡನೆಯದೂ ತಪ್ಪಿದರೆ ಹಾಲ್ ಟಿಕೆಟ್ಟೇ ಇಲ್ಲ. ಆಮೇಲೆ ಎಷ್ಟು ಹಣ ಹಿಡಿದು ನಿಂತರೂ ಪ್ರಯೋಜನವಿಲ್ಲ. ಪ್ರವಾಸಿ ವೀಸಾದ ಮೇಲೆ ಪರದೇಶಕ್ಕೆ ಹೋದವರು ಅವಧಿ ಮೀರಿ ಅಲ್ಲೇ ಉಳಿದರೆ ಆಗುವುದೂ ಬಹುಮಟ್ಟಿಗೆ ಹೀಗೆಯೇ. ಈ ವಾರ ಆ ವಿಷಯ.

ಇದು ಸಿರಿವಂತರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಪುಟ ತಿರುವಬೇಡಿ. ಪದವಿ ಮುಗಿಸಿದ ಗೆಳೆಯರು ಒಟ್ಟಾಗಿ ಥಾಯ್ಲೆಂಡಿಗೋ ಬಾಲಿಗೋ ಹೋಗಿಬರುವುದು ಈಗ ಸಾಮಾನ್ಯ. ಮಗಳ ಬಾಣಂತನಕ್ಕೆಂದು ತಾಯಂದಿರು ಅಮೆರಿಕಕ್ಕೆ ಹೋಗುತ್ತಾರೆ. ಕರಾವಳಿಯ ಎಷ್ಟೋ ಯುವಕರು ಭೇಟಿ ವೀಸಾ ಹಿಡಿದು ಕೆಲಸ ಹುಡುಕಲು ದುಬೈಗೆ ಹೊರಡುತ್ತಾರೆ. ಇವರಲ್ಲಿ ಅನೇಕರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: ‘ನಾಲ್ಕು ದಿನ ಹೆಚ್ಚಾದರೇನಂತೆ, ಹೊರಡುವಾಗ ದಂಡ ಬಿಸಾಕಿದರಾಯಿತು.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿದುಕೊಳ್ಳದೆ ಹೋದರೆ ಓದು, ಉದ್ಯೋಗ ಎರಡಕ್ಕೂ ಕುತ್ತು ಬರಬಹುದು.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ವೀಸಾದ ಅವಧಿ ಬೇರೆ, ತಂಗುವ ಅವಧಿ ಬೇರೆ. ವೀಸಾ ಎಂಬುದು ಬಾಗಿಲವರೆಗೆ ಬರಲು ಕೊಟ್ಟ ಅನುಮತಿ. ಒಳಗೆ ಎಷ್ಟು ದಿನ ಇರಬಹುದು ಎಂಬುದು ಅಲ್ಲಿ ಇಳಿದಾಗ ಇಮಿಗ್ರೇಷನ್ ಅಧಿಕಾರಿ ದಾಖಲಿಸುವ ದಿನಾಂಕದಿಂದ ನಿರ್ಧಾರವಾಗುತ್ತದೆ. ಅಮೆರಿಕ ಭಾರತೀಯ ಪ್ರವಾಸಿಗಳಿಗೆ ಹತ್ತು ವರ್ಷ ಚಾಲ್ತಿಯಲ್ಲಿರುವ ವೀಸಾ ಕೊಡುವುದುಂಟು. ಹಾಗೆಂದು ಹತ್ತು ವರ್ಷ ಅಲ್ಲಿರಬಹುದೆಂದು ಅರ್ಥವಲ್ಲ. ಒಂದು ಭೇಟಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಕೊನೆಯ ದಿನ ಯಾವುದೆಂದು ‘ಐ-94’ ಎಂಬ ದಾಖಲೆಯಲ್ಲಿರುತ್ತದೆ. ಅದನ್ನು ಈಗ ಅಂತರಜಾಲದಲ್ಲಿಯೇ ನೋಡಿ ಮುದ್ರಿಸಿಕೊಳ್ಳಬಹುದು.

ಈಗ ಥಾಯ್ಲೆಂಡಿನ ಲೆಕ್ಕ ನೋಡೋಣ. ಅಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 500 ಬಾತ್ ದಂಡ. ಗರಿಷ್ಠ ಮಿತಿ 20,000 ಬಾತ್. ಒಬ್ಬ ವಿದ್ಯಾರ್ಥಿಗೆ ಮಾರ್ಚ್ 1ರಂದು 30 ದಿನಗಳ ಅನುಮತಿ ಸಿಕ್ಕಿತೆನ್ನಿ. ಬಂದಿಳಿದ ದಿನವೂ ಲೆಕ್ಕಕ್ಕೆ ಸೇರುವುದರಿಂದ ಅವನ ಕೊನೆಯ ದಿನ ಮಾರ್ಚ್ 30. ‘ಒಂದು ತಿಂಗಳು’ ಎಂದುಕೊಂಡು 31ರವರೆಗೆ ಕುಳಿತರೆ ಒಂದು ದಿನ ಮೀರಿದಂತೆಯೇ. ಏಪ್ರಿಲ್ 3ಕ್ಕೆ ಹೊರಟರೆ ನಾಲ್ಕು ದಿನ ಮೀರಿತು. ದಂಡ 2,000 ಬಾತ್. ಆದರೆ ಅರ್ಹತೆಯಿದ್ದವರು ಅವಧಿ ಮುಗಿಯುವ ಮುನ್ನವೇ ಇಮಿಗ್ರೇಷನ್ ಕಚೇರಿಗೆ ಹೋಗಿ ವಿಸ್ತರಣೆ ಕೇಳಿಕೊಳ್ಳಬಹುದಿತ್ತು. ಅದರ ಶುಲ್ಕ 1,900 ಬಾತ್. ಅಂದರೆ ನಾಲ್ಕೇ ದಿನದ ಸೋಮಾರಿತನ ನ್ಯಾಯವಾದ ದಾರಿಗಿಂತ ದುಬಾರಿಯಾಯಿತು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಡೆ ಬರುವ ಎಷ್ಟೋ ವಿಮಾನಗಳು ನಡುರಾತ್ರಿಯ ಆಸುಪಾಸಿನಲ್ಲಿ ಹೊರಡುತ್ತವೆ. ಕೊನೆಯ ದಿನ 30 ಎಂದಿದ್ದು, ವಿಮಾನ 31ರ ಮಧ್ಯರಾತ್ರಿ ಹನ್ನೆರಡೂವರೆಗೆ ಇದ್ದರೆ, 30ರ ರಾತ್ರಿ ಹನ್ನೆರಡರೊಳಗೆ ಇಮಿಗ್ರೇಷನ್ ಕೌಂಟರ್ ದಾಟಿರಬೇಕು. ಅಲ್ಲಿ ಮುದ್ರೆ ಬಿದ್ದ ಹೊತ್ತು ಮುಖ್ಯ, ವಿಮಾನ ಏರಿದ ಹೊತ್ತಲ್ಲ.

500ನ್ನು 40ರಿಂದ ಗುಣಿಸಿದರೆ 20,000. ಅಂದರೆ ನಲವತ್ತನೆಯ ದಿನಕ್ಕೆ ದಂಡ ಗರಿಷ್ಠ ಮಿತಿ ತಲುಪುತ್ತದೆ. ‘ಇನ್ನೇನು, ಎಷ್ಟು ದಿನ ಇದ್ದರೂ ಅಷ್ಟೇ ತಾನೆ?’ ಎಂದು ಜಾಣರೊಬ್ಬರು ಕೇಳಬಹುದು. ಸುತ್ತೋಲೆಯ ಎರಡನೆಯ ದಿನಾಂಕ ಬರುವುದು ಇಲ್ಲಿಯೇ. 2016ರ ಮಾರ್ಚ್ 20ರಿಂದ ಜಾರಿಗೆ ಬಂದ ನಿಯಮದಂತೆ, ತಾನಾಗಿಯೇ ವಿಮಾನ ನಿಲ್ದಾಣಕ್ಕೆ ಬಂದು ಹೊರಡುವವನು 90 ದಿನಕ್ಕಿಂತ ಹೆಚ್ಚು ಮೀರಿದ್ದರೆ ಒಂದು ವರ್ಷ ಆ ದೇಶಕ್ಕೆ ಮರಳುವಂತಿಲ್ಲ. ಒಂದು ವರ್ಷ ಮೀರಿದ್ದರೆ ಮೂರು ವರ್ಷ, ಮೂರು ವರ್ಷ ಮೀರಿದ್ದರೆ ಐದು ವರ್ಷ, ಐದು ವರ್ಷ ಮೀರಿದ್ದರೆ ಹತ್ತು ವರ್ಷ ನಿಷೇಧ. ಇನ್ನು ತಾನಾಗಿ ಬಾರದೆ ಪೊಲೀಸರ ಕೈಗೆ ಸಿಕ್ಕಿಬಿದ್ದರಂತೂ ಮೀರಿದ್ದು ಒಂದು ವರ್ಷದೊಳಗಿದ್ದರೂ ಐದು ವರ್ಷ ನಿಷೇಧ. ಹೆಚ್ಚಾಗಿದ್ದರೆ ಹತ್ತು ವರ್ಷ. ನೂರು ದಿನ ಮೀರಿ ತಾನಾಗಿ ಹೊರಟವನಿಗೆ ಒಂದು ವರ್ಷ, ಹತ್ತೇ ದಿನ ಮೀರಿ ಸಿಕ್ಕಿಬಿದ್ದವನಿಗೆ ಐದು ವರ್ಷ! ತಡವಾದುದಕ್ಕಿಂತ ಬಚ್ಚಿಟ್ಟುಕೊಂಡದ್ದಕ್ಕೆ ಶಿಕ್ಷೆ ಹೆಚ್ಚು ಎಂಬುದನ್ನು ಗಮನಿಸಿ.

ಬಾಲಿ ದ್ವೀಪವಿರುವ ಇಂಡೋನೇಷ್ಯಾದಲ್ಲಿ ದಂಡ ಇನ್ನೂ ಖಾರ. 2019ರವರೆಗೆ ದಿನಕ್ಕೆ 3 ಲಕ್ಷ ರುಪಯ್ಯಾ ಇದ್ದುದು ಆ ವರ್ಷ 10 ಲಕ್ಷಕ್ಕೆ ಏರಿತು. ಅಲ್ಲಿಗೆ ಹೋದ ಮೇಲೆ ಪಡೆಯುವ 30 ದಿನಗಳ ವೀಸಾಕ್ಕೆ 5 ಲಕ್ಷ ರುಪಯ್ಯಾ. ಅದನ್ನು ಒಮ್ಮೆ ಇನ್ನು 30 ದಿನಕ್ಕೆ ವಿಸ್ತರಿಸಲು ಮತ್ತೆ 5 ಲಕ್ಷ. ಹೀಗಾಗಿ ಒಂದು ತಿಂಗಳ ವಿಸ್ತರಣೆಗೆ ತಗಲುವುದರ ಎರಡರಷ್ಟನ್ನು ಒಂದು ದಿನದ ಮರೆವಿಗೆ ತೆರಬೇಕಾಗುತ್ತದೆ. 60 ದಿನ ದಾಟಿದರೆ ಹಣದ ಮಾತೇ ಇಲ್ಲ; ಗಡೀಪಾರು ಮತ್ತು ನಿಷೇಧ. 60 ದಿನದ ಒಳಗಿದ್ದರೂ ದಂಡ ಕಟ್ಟಲಾಗದವರಿಗೆ ಅದೇ ಗತಿ.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2022ರ ಅಕ್ಟೋಬರಿನಿಂದ ದಿನಕ್ಕೆ 50 ದಿರ್ಹಮ್. ಕೇಳಲು ಸಣ್ಣ ಮೊತ್ತ. ಆದರೆ ಕೆಲಸ ಇಂದು ಸಿಕ್ಕೀತು, ನಾಳೆ ಸಿಕ್ಕೀತು ಎಂದು ಆರು ತಿಂಗಳು ಉಳಿದ ಯುವಕನ ಸ್ಥಿತಿಯನ್ನು ಯೋಚಿಸಿ. 180 ದಿನಕ್ಕೆ 9,000 ದಿರ್ಹಮ್. ನಮ್ಮ ಹಣದಲ್ಲಿ ಎರಡು ಲಕ್ಷ ರೂಪಾಯಿಗೂ ಮಿಕ್ಕಿ. ಕೆಲಸವಿಲ್ಲದವನು ಅದನ್ನೆಲ್ಲಿಂದ ತಂದಾನು? ಕಟ್ಟಲಾಗದ್ದರಿಂದ ಹೊರಡಲಾರ, ಹೊರಡದ್ದರಿಂದ ದಂಡ ಬೆಳೆಯುತ್ತಲೇ ಹೋಗುತ್ತದೆ. ಸಾಲದ ಮೇಲಿನ ಬಡ್ಡಿಯಂತೆ ಇದು ಕೊರಳಿಗೆ ಸುತ್ತಿಕೊಳ್ಳುತ್ತದೆ. ಊರಿನಲ್ಲಿರುವ ತಂದೆತಾಯಿಗಳಿಗೆ ಮಗ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎನ್ನುತ್ತಲೇ ಇರುತ್ತಾನೆ. ಇಂಥವರಿಗಾಗಿ ಅಲ್ಲಿನ ಸರ್ಕಾರ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಕ್ಷಮಾದಾನದ ಅವಕಾಶ ಕೊಟ್ಟಿತ್ತು. ದಂಡವೂ ಇಲ್ಲದೆ ನಿಷೇಧವೂ ಇಲ್ಲದೆ ಹೊರಡಲು ಆಗ ಸಾಧ್ಯವಿತ್ತು. ಆದರೆ ಅಂಥ ಅವಕಾಶ ಯಾವಾಗ ಬರುತ್ತದೆಂದು ನೆಚ್ಚಿ ಕೂರುವಂತಿಲ್ಲ.

ಅಮೆರಿಕದಲ್ಲಾದರೋ ಹೊರಡುವ ಬಾಗಿಲಲ್ಲಿ ದಂಡ ಕೇಳುವವರೇ ಇಲ್ಲ. ಅದನ್ನು ಕಂಡು ಹಿಗ್ಗಬೇಕಾಗಿಲ್ಲ. ಅವಧಿ ಒಂದು ದಿನ ಮೀರಿದರೂ, ಹಿಡಿದುಕೊಂಡು ಹೋದ ವೀಸಾ ಕಾನೂನಿನ ಪ್ರಕಾರ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದರೆ ಹತ್ತು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ. ಮೊಮ್ಮಗುವಿನ ಮುದ್ದಿಗೆ ಸೋತು ಮರಳುವ ದಿನವನ್ನು ಮುಂದೂಡುವ ಅಜ್ಜಿ, ಆ ಮಗುವಿನ ಮುಂದಿನ ಹುಟ್ಟುಹಬ್ಬಗಳನ್ನೆಲ್ಲ ಕಳೆದುಕೊಳ್ಳಬೇಕಾದೀತು. ಹೆಚ್ಚು ದಿನ ಇರಲೇಬೇಕಾದ ಕಾರಣವಿದ್ದರೆ ‘ಐ-94’ರ ದಿನಾಂಕಕ್ಕೆ ಮುಂಚೆ ವಿಸ್ತರಣೆಗೆ ಅರ್ಜಿ ಹಾಕುವ ದಾರಿಯಿದೆ.

ವಿದ್ಯಾರ್ಥಿಗಳು ವಿಶೇಷವಾಗಿ ನೆನಪಿಡಬೇಕಾದ ಮಾತೊಂದಿದೆ. ದಂಡದ ರಸೀತಿ ಹರಿದುಹಾಕಬಹುದು, ದಾಖಲೆಯನ್ನು ಅಳಿಸಲಾಗದು. ನಾಳೆ ಉನ್ನತ ವ್ಯಾಸಂಗಕ್ಕೆಂದು ಮತ್ತೊಂದು ದೇಶಕ್ಕೆ ಅರ್ಜಿ ಹಾಕುವಾಗ ಹಳೆಯ ಪ್ರವಾಸಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ಉದಾಹರಣೆಗೆ, ಯಾವುದೇ ದೇಶ ನಿಮಗೆ ವೀಸಾ ನಿರಾಕರಿಸಿತ್ತೇ, ದೇಶ ಬಿಟ್ಟು ಹೋಗಲು ಆದೇಶಿಸಿತ್ತೇ ಎಂದು ಕೆನಡಾದ ಅರ್ಜಿ ಕೇಳುತ್ತದೆ. ಅಲ್ಲಿ ಸುಳ್ಳು ಬರೆದರೆ ಅದು ಇನ್ನೊಂದು ಅಪರಾಧ. ನಾಲ್ಕು ದಿನದ ಮೋಜಿಗೆ ನಾಲ್ಕು ವರ್ಷದ ಓದನ್ನು ಒತ್ತೆಯಿಡಬೇಕೇ?

ಕಾಯಿಲೆ ಬಿದ್ದಿರಿ, ವಿಮಾನ ರದ್ದಾಯಿತು, ಆಗೇನು ಮಾಡಬೇಕು? ಸುಮ್ಮನೆ ಕೋಣೆಯಲ್ಲಿ ಕೂರಬಾರದು. ಅವಧಿ ಮುಗಿಯುವ ಮೊದಲೇ ವೈದ್ಯರ ಪತ್ರವನ್ನೋ ವಿಮಾನ ಸಂಸ್ಥೆಯ ಪತ್ರವನ್ನೋ ಹಿಡಿದು ಇಮಿಗ್ರೇಷನ್ ಕಚೇರಿಗೆ ಹೋಗಬೇಕು. ಅವಧಿ ಈಗಾಗಲೇ ಮೀರಿದ್ದರೆ, ಇನ್ನೊಂದು ದಿನವೂ ಕಾಯದೆ ತಾವಾಗಿಯೇ ಅಧಿಕಾರಿಗಳ ಮುಂದೆ ಹಾಜರಾಗುವುದು ಲೇಸು. ದಂಡದ ಹಣಕ್ಕೆ ರಸೀತಿ ಕೇಳಿ ಪಡೆಯಿರಿ. ‘ಒಳಗಿನವರು ಗೊತ್ತು, ಮುದ್ರೆ ಹಾಕಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿಗಳಿಗೆ ಪಾಸ್‌ಪೋರ್ಟ್ ಕೊಡಲೇಬೇಡಿ. ಖೋಟಾ ಮುದ್ರೆ ದಂಡದಿಂದ ಮುಗಿಯುವ ತಪ್ಪಲ್ಲ. ಕೈಯಲ್ಲಿ ಕಾಸಿಲ್ಲದೆ ನಿಜವಾಗಿ ಕಷ್ಟದಲ್ಲಿ ಸಿಲುಕಿದವರು ಭಾರತೀಯ ರಾಯಭಾರ ಕಚೇರಿಯನ್ನು ಕಾಣಬೇಕು. 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಅರ್ಹರಾದವರಿಗೆ ಊರಿಗೆ ಮರಳುವ ಟಿಕೆಟ್ಟಿಗೂ ಕೆಲವು ಸಂದರ್ಭಗಳಲ್ಲಿ ಸಣ್ಣ ದಂಡಗಳಿಗೂ ನೆರವು ಸಿಗುತ್ತದೆ.

ನಿಯಮಗಳೂ ಮೊತ್ತಗಳೂ ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ. ಮಕ್ಕಳು ಅಲ್ಲಿ ಇಳಿದೊಡನೆ ಮಾಡುವ ಮೊದಲ ಫೋನಿನಲ್ಲಿ ‘ಊಟ ಆಯಿತೇ’ ಎಂದು ಕೇಳುವ ತಂದೆತಾಯಿಗಳು, ‘ಎಷ್ಟನೇ ತಾರೀಖಿನವರೆಗೆ ಮುದ್ರೆ ಹಾಕಿದ್ದಾರೆ’ ಎಂದೂ ಕೇಳಲಿ. ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅದಕ್ಕೆ ಎರಡು ದಿನ ಮೊದಲಿನ ಟಿಕೆಟ್ ಮಾಡಿಸಿದರೆ ಎಲ್ಲರಿಗೂ ನೆಮ್ಮದಿ.