ಟ್ರೇಲರ್ ಹೊರಡುವ ಮುನ್ನ ನಾವೂ ಒಂದು ಮಾತು ಕೇಳೋಣ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಮೇವು ಕೊಯ್ಯುವವರು ನಾವು. ಸಿವುಡು ಕಟ್ಟಿ ಟ್ರೇಲರ್‌ಗೆ ತುಂಬುವವರು ನಾವು. ಬಾಡಿಗೆಗೆ ಹಾಲಿನ ಬಟವಾಡೆ ಹಣ ಎಣಿಸಿ ಕೊಡುವವರೂ ನಾವೇ. ಕೊನೆಗೆ ಆ ಹುಲ್ಲಿನ ಮೇಲೇ ಹತ್ತಿ ಕೂತು ಮನೆಗೆ ಬರುತ್ತೇವೆ. ಆದರೆ ಕೊಂಡಿ ಸರಿಯಿದೆಯೇ, ಭಾರ ಹೆಚ್ಚಾಯಿತೇ ಎಂದು ಮಾತ್ರ ಕೇಳುವುದಿಲ್ಲ. ‘ಅದು ಗಂಡಸರ ವಿಷಯ’ ಎಂದು ಸುಮ್ಮನಾಗುತ್ತೇವೆ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಹೋದ ಸುಗ್ಗಿಯಲ್ಲಿ ನಮ್ಮೂರಿನ ಕೆರೆ ಏರಿಯ ಇಳಿಜಾರಿನಲ್ಲಿ ಮೇವಿನ ಟ್ರೇಲರ್‌ನ ಕೊಂಡಿಯ ಪಿನ್ ಹಾರಿಹೋಯಿತು. ಟ್ರೇಲರ್ ಹಿಂದಕ್ಕೆ ಉರುಳಿ ಹುಣಸೆ ಮರಕ್ಕೆ ಬಡಿದು ನಿಂತಿತು. ಮೇಲೆ ಕೂತಿದ್ದ ನಾಲ್ವರಲ್ಲಿ ನಾನೂ ಒಬ್ಬಳು. ಮರ ಇಲ್ಲದಿದ್ದರೆ ಕೆರೆ. ಪಿನ್ನಿಗೆ ಕೀಲು ಹಾಕುವ ಬದಲು ತಂತಿ ಸುತ್ತಿದ್ದರೆಂದು ಆಮೇಲೆ ತಿಳಿಯಿತು. ಹತ್ತುವ ಮುಂಚೆ ಬಗ್ಗಿ ನೋಡಿದ್ದರೆ ನಮಗೇ ಕಾಣುತ್ತಿತ್ತು.

ಮೊದಲು ತಿಳಿಯಬೇಕಾದದ್ದು, ನಮ್ಮ ಕಡೆಯ ಹೆಚ್ಚಿನ ಟ್ರೇಲರ್‌ಗಳಿಗೆ ಬ್ರೇಕ್ ಇಲ್ಲ. ಟ್ರ್ಯಾಕ್ಟರಿನ ಬ್ರೇಕ್ ಕೂಡ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗೆ ಮಾತ್ರ. ಹಿಂದಿರುವ ಅಷ್ಟೂ ಭಾರವನ್ನು ಆ ಎರಡು ಗಾಲಿಗಳೇ ತಡೆಯಬೇಕು. ವೇಗ 20ರಿಂದ 40 ಕಿಲೋಮೀಟರಿಗೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಎರಡನೆಯದು ಭಾರ. ಹಸಿ ಮೇವಿನಲ್ಲಿ ಮುಕ್ಕಾಲು ಪಾಲು ನೀರೇ. ಒಣ ರಾಗಿ ಹುಲ್ಲನ್ನು ಒಟ್ಟಿದಷ್ಟೇ ಎತ್ತರಕ್ಕೆ ಹಸಿ ಮುಸುಕಿನ ಜೋಳ ಒಟ್ಟಿದರೆ ತೂಕ ಹಲವು ಪಟ್ಟು. ‘ಹುಲ್ಲೇ ತಾನೇ’ ಎನ್ನಬೇಡಿ.

ತುಂಬುವ ಕೈ ನಮ್ಮದಾದ್ದರಿಂದ ಇದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಎರಡು ಗಾಲಿಯ ಟ್ರೇಲರ್‌ನಲ್ಲಿ ಅಚ್ಚಿನಿಂದ ಮುಂದಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾರ ಇರಲಿ. ಹಿಂದೆ ಹೆಚ್ಚಾದರೆ ಕೊಂಡಿ ಮೇಲಕ್ಕೆ ಎತ್ತುತ್ತದೆ, ಟ್ರ್ಯಾಕ್ಟರಿನ ಹಿಂಗಾಲಿಗೆ ಹಿಡಿತ ತಪ್ಪುತ್ತದೆ, ಟ್ರೇಲರ್ ತೂಗಾಡುತ್ತದೆ. ಮುಂದೆ ತೀರಾ ಹೆಚ್ಚಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಎತ್ತಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಗಾಲಿಯದಾದರೆ ಭಾರವನ್ನು ಸಮನಾಗಿ ಹರಡಿ.

ಈಗ ಹಲವು ಸ್ತ್ರೀಶಕ್ತಿ ಗುಂಪುಗಳು ಪವರ್ ಟಿಲ್ಲರನ್ನು ಊರಿಂದ ಊರಿಗೆ ಟ್ರೇಲರ್‌ನಲ್ಲಿ ಸಾಗಿಸುತ್ತವೆ. ಅದು ಸುಮಾರು 4-5 ಕ್ವಿಂಟಾಲ್ ತೂಗುವ ಯಂತ್ರ. ಒಂದು ಹಗ್ಗ ಎಳೆದು ಕಟ್ಟಿದರೆ ಸಾಲದು. ಎಂಜಿನ್ ನಿಲ್ಲಿಸಿ, ಗಾಲಿಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ನಾಲ್ಕು ಮೂಲೆಗೂ ಸರಪಳಿ ಅಥವಾ ಪಟ್ಟಿಯಿಂದ ಬಿಗಿಯಬೇಕು. ಕುಲುಕಾಟಕ್ಕೆ ಕಟ್ಟು ಸಡಿಲವಾಗುತ್ತದೆ. ಒಂದೆರಡು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ.

ಹೊರಡುವ ಮುನ್ನ ಚಾಲಕನಿಗೆ ನಾಲ್ಕು ಪ್ರಶ್ನೆ ಕೇಳಿ. ಪಿನ್ನಿಗೆ ಕೀಲು ಹಾಕಿದೆಯೇ? ಪಿನ್ ತಪ್ಪಿದರೂ ಟ್ರೇಲರ್ ಬಿಟ್ಟುಹೋಗದಂತೆ ಸರಪಳಿ ಇದೆಯೇ? ಹೊಲದಲ್ಲಿ ತಿರುಗಿಸಲು ಬೇರೆ ಮಾಡಿದ್ದ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುಂಚೆ ಜೋಡಿಸಿದೆಯೇ? ಒಂದೇ ಪೆಡಲ್ ಒತ್ತಿದರೆ ಗಾಡಿ ಒಂದೇ ಕಡೆ ಎಳೆದು ಮಗುಚಬಹುದು. ಹಿಂದೆ ಕೆಂಪು ದೀಪ, ಕೆಂಪು ರಿಫ್ಲೆಕ್ಟರ್ ಪಟ್ಟಿ ಇವೆಯೇ, ಮೇವು ಅವನ್ನು ಮುಚ್ಚಿಲ್ಲ ತಾನೇ? ಇನ್ನೊಂದು ಮಾತೂ ಹೇಳಿ: ಇಳಿಜಾರು ಶುರುವಾಗುವ ಮುಂಚೆಯೇ ಕಡಿಮೆ ಗೇರಿಗೆ ಬರಲಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಬೇಡವೇ ಬೇಡ.

ಇನ್ನು ಮೇವಿನ ಮೇಲೆ ಕೂರುವ ವಿಷಯ. ‘ಬಸ್ಸಿಲ್ಲ, ಆಟೋಗೆ ದುಡ್ಡು ಎಲ್ಲಿ, ಕೊಯ್ದು ಸುಸ್ತಾದ ಮೇಲೆ ನಡೆಯಲು ಆಗುತ್ತದೆಯೇ’ ಎನ್ನುತ್ತೀರಿ. ನಿಜ, ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ. ಬಿದ್ದು ಕಾಲು ಮುರಿದರೆ ವಿಮೆಯ ಪರಿಹಾರಕ್ಕೂ ಅಲೆಯಬೇಕಾಗುತ್ತದೆ. ಆ ತಿಂಗಳೆಲ್ಲ ಹಸು ಕರೆಯುವವರು ಯಾರು, ಡೇರಿಗೆ ಹಾಲು ಹಾಕುವವರು ಯಾರು? ನಾಲ್ಕೈದು ಜನ ಸೇರಿ ಆಟೋ ಮಾಡಿಕೊಂಡರೆ ತಲೆಗೆ ಬರುವ ಪಾಲು ಕಡಿಮೆ. ಬಾಡಿಗೆ ಮಾತಾಡುವಾಗಲೇ ಅದನ್ನೂ ಸೇರಿಸಿ ಮಾತಾಡಿ.

ಮುಂದಿನ ಸಂಘದ ಸಭೆಯಲ್ಲಿ ಇದನ್ನು ಎತ್ತೋಣ. ಕೀಲು, ಸರಪಳಿ, ರಿಫ್ಲೆಕ್ಟರ್ ಇಲ್ಲದ ಟ್ರೇಲರನ್ನು ನಮ್ಮ ಸಂಘದ ಸದಸ್ಯೆಯರು ಬಾಡಿಗೆಗೆ ಕರೆಯುವುದಿಲ್ಲ ಎಂದು ಒಟ್ಟಾಗಿ ತೀರ್ಮಾನಿಸೋಣ. ಒಬ್ಬಳು ಕೇಳಿದರೆ ಚಾಲಕ ನಗಬಹುದು. ಊರಿನ ಹೆಂಗಸರೆಲ್ಲ ಕೇಳಿದರೆ ಮರುದಿನವೇ ಸರಪಳಿ ತರುತ್ತಾನೆ. ಬಾಡಿಗೆ ಕೊಡುವವರು ನಾವು ತಾನೇ?