ಮರದ ತೇವವನ್ನೂ ಕೇಳೋಣ



ಪಾರ್ಚ್‌ಮೆಂಟ್‌ಗೆ ಶೇಕಡಾ 10, ರೊಬಸ್ಟಾ ಚೆರಿಗೆ 11 ಎಂದು ತೇವಾಂಶದ ಲೆಕ್ಕ ಒಪ್ಪಿಸಿ ಕಾಫಿ ಮಾರುವವರು ನಾವು. ಸ್ವಲ್ಪ ಹೆಚ್ಚಾದರೂ ವ್ಯಾಪಾರಿ ದರ ಕಡಿಯುತ್ತಾನೆ. ಮರ ಕೊಳ್ಳುವಾಗ ಮಾತ್ರ ಪಾಲಿಶ್ ನೋಡಿ ಹಣ ಎಣಿಸಿಬಿಡುತ್ತೇವೆ.

ಮಕ್ಕಳ ಓದಿಗೆಂದು ಮೈಸೂರಿನ ಬನ್ನಿಮಂಟಪದಲ್ಲಿ ಕಟ್ಟಿಸಿದ ಮನೆಯ ಹಜಾರಕ್ಕೆ ನಾನು ಬೀಡಿಂಗ್ ಪಟ್ಟಿ, ಗೋಡೆ ಹಲಗೆ ಹೊಡೆಸಿದ್ದು ಶ್ರಾವಣದ ಮಳೆಯಲ್ಲಿ. ದಸರೆಗೆ ಪಂಜಿನ ಕವಾಯತು ನೋಡಲು ಬಂದ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಶಿವರಾತ್ರಿಯ ಹೊತ್ತಿಗೆ ಮೂಲೆಮೂಲೆಯ ಕೂಡು ಬಿಟ್ಟು, ಉಗುರು ತೂರುವಷ್ಟು ಸಂದು! ಹಸಿ ಮರ ಬೇಸಿಗೆಯ ಒಣಹವೆಗೆ ಕುಗ್ಗಿತ್ತು. ತಪ್ಪು ಬಡಗಿಯದಲ್ಲ, ಕೇಳದೆ ಕೊಂಡ ನನ್ನದು.

ಮನೆಯೊಳಗಿನ ಮರಗೆಲಸಕ್ಕೆ ತೇವ ಶೇಕಡಾ 12ರ ಆಸುಪಾಸಿನಲ್ಲಿರಬೇಕು. ತಂದ ಹಲಗೆಗಳನ್ನು ನಡುನಡುವೆ ರೀಪು ಕೊಟ್ಟು, ಹೊಡೆಸುವ ಕೋಣೆಯಲ್ಲೇ ಎರಡು ವಾರವಾದರೂ ಇಡಿ. ಥಂಡಿ ಹಿಡಿದ ಗೋಡೆಗೆ ನೇರವಾಗಿ ಹೊಡೆಸಿದರೆ ಗೆದ್ದಲಿಗೆ ಔತಣ ಕೊಟ್ಟಂತೆ. ನಮ್ಮ ತೋಟದ ಸಿಲ್ವರ್ ಓಕ್ ಕೂಡ, ಹುಳದ ಔಷಧಿ ಹಾಕಿ ಚೆನ್ನಾಗಿ ಒಣಗಿಸಿದರೆ, ಈ ಕೆಲಸಕ್ಕೆ ಒದಗುತ್ತದೆ. ಅದನ್ನು ದಿಮ್ಮಿಯಾಗಿ ಮಾರಿ, ಪಟ್ಟಿಯಾಗಿ ಕೊಳ್ಳುವುದೇಕೋ!

ಸಂಘದಲ್ಲಿ ಕಾಫಿಯ ತೇವ ಅಳೆಯುವ ಮೀಟರಿನ ಪಕ್ಕ ಮರದ್ದೂ ಒಂದನ್ನಿಟ್ಟು ಸದಸ್ಯರಿಗೆ ಎರವಲು ಕೊಡಿರೆಂದು ಬರುವ ಮಹಾಸಭೆಯಲ್ಲಿ ಕೇಳುವವನಿದ್ದೇನೆ. ಅನುಮೋದಿಸುವವರು ದಯವಿಟ್ಟು ಮುಂದಿನ ಸಾಲಿನಲ್ಲೇ ಕುಳಿತಿರಿ.